ಹೊಟ್ಟೆಯುಬ್ಬರ ಮತ್ತು ದನಗಾಹಿಯ ಚಾಕು

ಫ್ರಾನ್ಸ್ ದೇಶದ ಓಬ್ರಾಕ್ ಬೆಟ್ಟಸೀಮೆಯಲ್ಲಿ ದನ ಸಾಕುವುದೇ ಮುಖ್ಯ ಕಸುಬು. ಅಲ್ಲಿನ ಲಾಯೋಲ್ ಊರಿನಲ್ಲಿ 1829ರ ಸುಮಾರಿಗೆ ಹುಟ್ಟಿದ ಮಡಚುವ ಚಾಕು ಇಂದಿಗೂ ರೈತರ ಜೇಬಿನಲ್ಲಿರುತ್ತದೆ. ದನದ ಕೊಂಬಿನ ಹಿಡಿಯ ಈ ಚಾಕುಗಳನ್ನು ಹವ್ಯಾಸಕ್ಕಾಗಿ ಕೂಡಿಡುವವರೂ ಇದ್ದಾರೆ. 1840ರ ಸುಮಾರಿಗೆ ಇದಕ್ಕೆ ದಬ್ಬಳದಂಥ ಮೊನೆಯೊಂದು ಸೇರಿತು. ಹೊಟ್ಟೆಯುಬ್ಬರವಾದ ದನದ ಎಡಪಕ್ಕೆ ಚುಚ್ಚಿ ಗಾಳಿ ಬಿಡಲು ದನಗಾಹಿಗಳು ಅದನ್ನು ಬಳಸುತ್ತಿದ್ದರು.

ನಾವೂ ಹಾಗೆ ಚುಚ್ಚಬಹುದೇ? ಖಂಡಿತ ಬೇಡ. ವೈದ್ಯರ ಟ್ರೋಕಾರ್‌ಗೆ ಕೊಳವೆ ಇರುವುದರಿಂದ ಗಾಳಿ ನಿಧಾನವಾಗಿ ಹೊರಬರುತ್ತದೆ. ಚಾಕುವಿನ ತೂತಿನಿಂದ ಒಳಗಿನ ಮೇವು ಸೋರಿ, ನಂಜಾಗಿ ಹಸು ಸಾಯಬಹುದು. ನೊರೆ ತುಂಬಿದ್ದರೆ ಚುಚ್ಚಿದರೂ ಗಾಳಿ ಸರಿಯಾಗಿ ಹೋಗುವುದಿಲ್ಲ.

ಎಡಪಕ್ಕೆ ಉಬ್ಬಿ, ಮೆಲುಕು ನಿಂತು, ಹಸು ಏದುಸಿರು ಬಿಡುತ್ತಿದ್ದರೆ ತಡಮಾಡಬೇಡಿ. ಉಬ್ಬಿದ ಹೊಟ್ಟೆ ಶ್ವಾಸಕೋಶವನ್ನು ಒತ್ತಿ ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು. ಕೂಡಲೇ ಪಶುವೈದ್ಯರಿಗೆ ಅಥವಾ 1962ಕ್ಕೆ ಕರೆ ಮಾಡಿ. ಅವರು ಬರುವವರೆಗೆ:

• ಮೇವು ಕೊಡಬೇಡಿ.
• ಮುಂಗಾಲು ಎತ್ತರದಲ್ಲಿರುವಂತೆ ಹಸುವನ್ನು ನಿಲ್ಲಿಸಿ, ಮಲಗಲು ಬಿಡಬೇಡಿ.
• ಬಾಯಿಗೆ ಅಡ್ಡಲಾಗಿ ನಯವಾದ ಕೋಲು ಕಟ್ಟಿ. ಅದನ್ನು ಅಗಿಯುವಾಗ ಜೊಲ್ಲು ಸುರಿದು ತೇಗು ಬರಲು ಅನುಕೂಲವಾಗುತ್ತದೆ.
• ವೈದ್ಯರನ್ನು ಕೇಳದೆ ಎಣ್ಣೆ ಕುಡಿಸಬೇಡಿ. ಶ್ವಾಸನಾಳಕ್ಕೆ ಹೋದರೆ ಅಪಾಯ.

ಎಳೆಯ ಕುದುರೆ ಮೆಂತ್ಯ, ಅಲಸಂದೆ ಮೇವನ್ನು ಕೊಯ್ದ ಕೂಡಲೇ ಹಾಕಬೇಡಿ. ಮೊದಲು ಒಣಹುಲ್ಲು ತಿನ್ನಿಸಿ, ಆಮೇಲೆ ಬಾಡಿಸಿದ ಹಸಿಮೇವು ಕೊಡಿ. ಕೊಟ್ಟಿಗೆಗೆ ಹೋಗುವಾಗ ಮಡಚುವ ಚಾಕುವೊಂದು ಜೊತೆಗಿರಲಿ. ಕೊರಳಿಗೆ ಹಗ್ಗ ಬಿಗಿದಾಗ ತಕ್ಷಣ ಕತ್ತರಿಸಲು ಅದೇ ಬೇಕು.