ರಜೆಯ ಆಟ: ಮಣೆಯೋ, ಪರದೆಯೋ?

ಮೇ ತಿಂಗಳು ಬಂತೆಂದರೆ ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಎರಡು ಬಗೆಯ ರಜೆ ಆರಂಭವಾಗುತ್ತದೆ. ಅನುಕೂಲವುಳ್ಳವರು ಮಕ್ಕಳೊಡನೆ ಕೊಂಕಣ ರೈಲ್ವೆಯ ಹಾದಿಯಾಗಿ ಊರಿಗೆ ತೆರಳುತ್ತಾರೆ. ಉಳಿದವರ ಮಕ್ಕಳು ಡೊಂಬಿವಲಿ, ಭಾಂಡುಪ್, ಮೀರಾರೋಡುಗಳ ಕಿರಿದಾದ ಮನೆಗಳಲ್ಲಿಯೇ ರಜೆಯನ್ನು ಕಳೆಯುತ್ತಾರೆ. ತಂದೆತಾಯಿಗಳಿಬ್ಬರೂ ಬೆಳಗಿನ ಲೋಕಲ್ ಹಿಡಿದು ಕೆಲಸಕ್ಕೆ ಹೊರಟ ಮೇಲೆ ಮಗುವಿನ ಕೈಗೆ ಎಟಕುವ ವಸ್ತು ಮೊಬೈಲ್ ಫೋನು. ಹೊರಗೆ ಬಿಸಿಲು, ಕೆಳಗೆ ಆಡಲು ಅಂಗಳವಿಲ್ಲ. ಇಂತಹ ಸನ್ನಿವೇಶದಲ್ಲಿ ವಿಡಿಯೋ ಆಟ ಬೇಡವೆನ್ನುವುದು ಸುಲಭ, ಅದರ ಬದಲಿಗೆ ಏನೆಂದು ಹೇಳುವುದು ಕಷ್ಟ. ಆದುದರಿಂದ ಆಟಗಳ ಲಾಭನಷ್ಟವನ್ನು ತುಸು ಲೆಕ್ಕವಿಟ್ಟು ನೋಡುವುದು ಯುಕ್ತವೆಂದು ತೋರುತ್ತದೆ.

ಪಗಡೆಯ ಮೂರು ರೂಪಗಳು

ನಮ್ಮ ಪಗಡೆ-ಪಚ್ಚೀಸಿಯ ಕುಲಕ್ಕೆ ಸೇರಿದ ಆಟವೇ ಇಂಗ್ಲೆಂಡಿನಲ್ಲಿ ಸರಳಗೊಂಡು, 1896ರಲ್ಲಿ ಲೂಡೋ ಎಂಬ ಹೆಸರಿನಿಂದ ಪೇಟೆಂಟ್ ಪಡೆದು ನಮ್ಮಲ್ಲಿಗೇ ಹಿಂದಿರುಗಿತು. ಅದೇ ಲೂಡೋ 2016ರಲ್ಲಿ ನವಿ ಮುಂಬಯಿಯ ಸಂಸ್ಥೆಯೊಂದರಿಂದ ‘ಲೂಡೋ ಕಿಂಗ್’ ಎಂಬ ಮೊಬೈಲ್ ಆಟವಾಗಿ ಹೊರಬಂದಿತು. 2020ರ ಲಾಕ್‌ಡೌನ್ ಕಾಲದಲ್ಲಿ ಬೇರೆ ಬೇರೆ ಊರುಗಳಲ್ಲಿ ಸಿಲುಕಿದ ಅದೆಷ್ಟೋ ಕುಟುಂಬಗಳು ಅದರ ಮೂಲಕ ಒಟ್ಟಿಗೆ ಆಡಿದುದುಂಟು. ಮತ್ತೊಂದೆಡೆ, ಹಣ ಕಟ್ಟಿ ಆಡುವ ಲೂಡೋ ಕೌಶಲ್ಯದ ಆಟವೋ ಜೂಜೋ ಎಂಬ ಪ್ರಶ್ನೆ 2021ರಲ್ಲಿ ಮುಂಬಯಿ ಹೈಕೋರ್ಟಿನ ಮೆಟ್ಟಿಲನ್ನೂ ಏರಿತು.

ಒಂದೇ ಆಟ ಮಣೆಯ ಮೇಲೆ ವಿನೋದವಾಯಿತು, ಪರದೆಯ ಮೇಲೆ ಬಂಧುಗಳನ್ನು ಕೂಡಿಸಿತು, ಹಣ ಸೇರಿದೊಡನೆ ವ್ಯಾಜ್ಯವಾಯಿತು. ಇದರಿಂದ ತಿಳಿಯುವುದಿಷ್ಟೆ: ಮಣೆಯೆಲ್ಲವೂ ಒಳ್ಳೆಯದು, ಪರದೆಯೆಲ್ಲವೂ ಕೆಟ್ಟದ್ದು ಎಂಬ ವಿಂಗಡಣೆ ಸರಿಯಲ್ಲ. ಕೇಳಬೇಕಾದ ಪ್ರಶ್ನೆಗಳು ಮೂರು. ಆಟಕ್ಕೆ ಕೊನೆಯುಂಟೆ? ಎದುರಿಗೆ ಕುಳಿತವರು ಯಾರು? ಆಟದಿಂದ ಏನು ಖರ್ಚಾಗುತ್ತದೆ?

ಮಣೆಯಾಟದ ಗುಣ

ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳಲ್ಲಿ ಅಪಾರ ಆಸಕ್ತಿಯುಳ್ಳವರಾಗಿ ಹೊಸ ಆಟಗಳನ್ನೂ ರಚಿಸಿದರು. ಅರಮನೆಯಲ್ಲಿ ಮಾನ್ಯತೆ ಪಡೆದ ಈ ವಿನೋದಕ್ಕೆ ಬಡವನ ಮನೆಯಲ್ಲಿ ಬೇಕಾದುದು ಒಂದು ಸೀಮೆಸುಣ್ಣ, ನಾಲ್ಕು ಕವಡೆ ಮಾತ್ರ. ಚೌಕಾಬಾರದಲ್ಲಿ ಇಪ್ಪತ್ತೈದು ಮನೆಗಳು. ನಾಲ್ಕು ಕವಡೆಗಳೂ ಬಾಯಿ ಮೇಲಾಗಿ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲವೆಂಬುದು ಸಾಮಾನ್ಯ ನಿಯಮ. ಕಾಯಿ ನಡುಮನೆ ಸೇರಿದರೆ ಹಣ್ಣು. ಎಲ್ಲ ಕಾಯಿಗಳೂ ಹಣ್ಣಾದರೆ ಆಟ ಮುಗಿಯಿತು. ಗೆದ್ದವನು ನಗುತ್ತಾನೆ, ಸೋತವನು ಮುನಿಸಿಕೊಂಡು ಊಟಕ್ಕೆ ಏಳುತ್ತಾನೆ.

ತುಳುನಾಡಿನವರಿಗೆ ಆಟಿ ತಿಂಗಳ ಜಡಿಮಳೆಯೊಡನೆ ನೆನಪಾಗುವುದು ಚೆನ್ನೆಮಣೆ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಐವತ್ತಾರು ಕಾಯಿ. ಮುಂದಿನ ಗುಳಿಗಳನ್ನು ಎಣಿಸಿ, ಎಲ್ಲಿ ಕಾಯಿ ಮುಗಿದೀತೆಂದು ಊಹಿಸಿ ಹೂಡಬೇಕಾದುದರಿಂದ ಅದು ಬಾಯಿಲೆಕ್ಕದ ಪಾಠಶಾಲೆಯೇ ಸರಿ. ಸೀಗ್ಲರ್ ಮತ್ತು ರಮಣಿ ಎಂಬ ಅಮೆರಿಕದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಸಾಲಾಗಿ ಅಂಕಿಗಳಿರುವ ಮಣೆಯಾಟವನ್ನು ಒಟ್ಟು ಸುಮಾರು ಒಂದು ಗಂಟೆ ಆಡಿಸಿದ ಮಾತ್ರಕ್ಕೆ ಬಡ ಕುಟುಂಬಗಳ ಪುಟ್ಟ ಮಕ್ಕಳ ಸಂಖ್ಯಾಜ್ಞಾನ ಗಮನಾರ್ಹವಾಗಿ ಹೆಚ್ಚಿತು.

ಲಾಭ ಮಕ್ಕಳಿಗೆ ಮಾತ್ರವಲ್ಲ. ಫ್ರಾನ್ಸಿನಲ್ಲಿ ವೃದ್ಧರನ್ನು ಇಪ್ಪತ್ತು ವರ್ಷ ಗಮನಿಸಿ 2013ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮಣೆಯಾಟ ಆಡುವವರಲ್ಲಿ ಮರೆಗುಳಿ ರೋಗದ ಸಂಭವ ಆಡದವರಿಗಿಂತ ಶೇಕಡಾ 15ರಷ್ಟು ಕಡಿಮೆಯೆಂದು ಕಂಡುಬಂತು. ಆಟವೊಂದೇ ಇದಕ್ಕೆ ಕಾರಣವೆಂದು ಹೇಳಲಾಗದಿದ್ದರೂ, ಊರಿನಿಂದ ಬಂದು ಏಳನೆಯ ಮಾಳಿಗೆಯಲ್ಲಿ ಒಂಟಿಯಾಗಿ ಕೂರುವ ಅಜ್ಜ ಅಜ್ಜಿಯರಿಗೆ ಮೊಮ್ಮಗುವಿನೊಡನೆ ಒಂದು ತಾಸಿನ ಆಟ ಹಿತವೆಂಬುದರಲ್ಲಿ ಸಂದೇಹವಿಲ್ಲ. ಇಂಗ್ಲಿಷ್ ಶಾಲೆಯ ಮಗು ಅಜ್ಜಿಯೆದುರು ಕಾಯಿ ನಡೆಸುವಾಗ ‘ಒಂದು, ಎರಡು, ಮೂರು’ ಎಂದೇ ಎಣಿಸಬೇಕಾಗುತ್ತದೆ. ಕನ್ನಡ ಉಳಿಸಲು ಇಷ್ಟು ಅಗ್ಗದ ಉಪಾಯ ಇನ್ನೊಂದಿಲ್ಲ.

ಪರದೆಯ ಆಟ

ವಿಡಿಯೋ ಆಟಗಳನ್ನು ಸಾರಾಸಗಟಾಗಿ ಹಳಿಯುವುದು ನ್ಯಾಯವಲ್ಲ. ಚುರುಕಿನ ಆಟಗಳನ್ನು ಆಡುವವರ ದೃಷ್ಟಿಯ ಅವಧಾನ ಹೆಚ್ಚುವುದೆಂದು 2003ರಷ್ಟು ಹಿಂದೆಯೇ ಸಂಶೋಧಕರು ತೋರಿಸಿದ್ದಾರೆ. ತೊಡಕಿರುವುದು ಅನೇಕ ಆಟಗಳ ರಚನೆಯಲ್ಲಿ. ಒಂದು ಹಂತ ಮುಗಿದೊಡನೆ ಮತ್ತೊಂದು. ಯಾವಾಗ ದೊರೆಯುವುದೆಂದು ತಿಳಿಯದ ಬಹುಮಾನ. ನಾಳೆ ಬಾರದಿದ್ದರೆ ನಷ್ಟವೆಂಬ ಎಚ್ಚರಿಕೆ. ಇವು ಮುಗಿಯದಂತೆಯೇ ರಚಿತವಾದ ಆಟಗಳು. ದೊಡ್ಡವರಿಗೇ ನಿಲ್ಲಿಸಲಾಗದುದನ್ನು ಹತ್ತು ವರ್ಷದ ಮಗು ನಿಲ್ಲಿಸಬೇಕೆಂದು ನಿರೀಕ್ಷಿಸುವುದು ಸಲ್ಲದು.

ಪರಿಣಾಮ ಮೊದಲು ಕಾಣುವುದು ನಿದ್ರೆಯಲ್ಲಿ. ಪರದೆಯ ಬೆಳಕು ಮತ್ತು ಮನಸ್ಸಿನ ಉದ್ರೇಕ ಎರಡೂ ಸೇರಿ ನಿದ್ರೆ ದೂರವಾಗುತ್ತದೆ. ನೆಟ್ಟ ನೋಟದಿಂದ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಹೊರಗಿನ ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಕಡಿಮೆಯೆಂದು ಅಧ್ಯಯನಗಳು ಹೇಳುತ್ತವೆ. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ ಅರವತ್ತು ನಿಮಿಷವಾದರೂ ಮೈ ದಣಿಯುವ ಚಟುವಟಿಕೆ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಈ ವಿಷಯದಲ್ಲಿ ಚೌಕಾಬಾರವೂ ಕುಳಿತಾಡುವ ಆಟವೇ ಎಂಬುದನ್ನು ಮರೆಯಬಾರದು. ಸಂಜೆಯ ಓಡಾಟಕ್ಕೆ ಅದು ಬದಲಿಯಾಗದು.

2022ರಿಂದ ಜಾರಿಗೆ ಬಂದ ರೋಗಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಆಟದ ವ್ಯಸನವೂ ಸೇರಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಊಟ-ಓದು-ಸ್ನೇಹಗಳಿಗಿಂತ ಆಟವೇ ಮುಖ್ಯವಾಗುವುದು, ಹಾನಿ ಕಂಡರೂ ಬಿಡಲಾಗದಿರುವುದು, ಇವು ಮೂರು ಲಕ್ಷಣಗಳು ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಇರಬೇಕು. ರಜೆಯಲ್ಲಿ ನಾಲ್ಕು ದಿನ ಹೆಚ್ಚು ಆಡಿದ ಮಗುವಿಗೆ ರೋಗದ ಹೆಸರಿಡಬೇಕಾಗಿಲ್ಲ. ಆದರೆ ಶಾಲೆ ಆರಂಭವಾದರೂ ಈ ಲಕ್ಷಣಗಳು ಇಳಿಯದಿದ್ದರೆ ವೈದ್ಯರ ಸಲಹೆ ಅಗತ್ಯ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕೆಂದೇ 2014ರಿಂದ ಪ್ರತ್ಯೇಕ ಚಿಕಿತ್ಸಾ ವಿಭಾಗವಿದೆ. ಸರಕಾರದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಮನೆಯಿಂದಲೇ ಕರೆ ಮಾಡಬಹುದು.

ಖಾತೆಯ ಕಡೆಗೂ ಗಮನವಿರಲಿ

ಬ್ಯಾಂಕಿನ ನೌಕರಿಯಲ್ಲಿರುವವನಾಗಿ ಇನ್ನೊಂದು ಮಾತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಅವು ಕೌಶಲ್ಯದವಾಗಲಿ ಅದೃಷ್ಟದವಾಗಲಿ, ನಿಷೇಧಿಸುತ್ತದೆ; ಅವುಗಳಿಗೆ ಹಣ ಸಾಗಿಸುವುದನ್ನು ಬ್ಯಾಂಕುಗಳಿಗೂ ನಿರ್ಬಂಧಿಸುತ್ತದೆ. ಆದರೂ ಆಟದೊಳಗಿನ ಆಯುಧ, ಉಡುಪು ಮುಂತಾದವುಗಳ ಮಾರಾಟ ಬೇರೆಯೇ ವಿಷಯ. ಅಲ್ಲಿ ನೂರು, ಇನ್ನೂರು ರೂಪಾಯಿಗಳ ಸಣ್ಣ ಮೊತ್ತಗಳು ಹನಿಹನಿಯಾಗಿ ಸೋರಿ, ತಿಂಗಳ ಕೊನೆಗೆ ತಂದೆಗೆ ಗಾಬರಿಯಾಗುತ್ತದೆ. ಯುಪಿಐ ಪಿನ್ನನ್ನು ಮಕ್ಕಳಿಗೆ ತಿಳಿಸಬಾರದು. ಮಗು ಆಡುವ ಫೋನಿನಲ್ಲಿ ಕಾರ್ಡಿನ ವಿವರ ಉಳಿಸಬಾರದು. ಖಾತೆಯ ಸಂದೇಶಗಳನ್ನು ಅಂದಂದೇ ಓದಬೇಕು. ಮೋಸದಿಂದ ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ಹಾಗೂ ಬ್ಯಾಂಕಿಗೆ ತಿಳಿಸಬೇಕು. ಮಗು ಹೊಡೆತದ ಭಯದಿಂದ ವಿಷಯವನ್ನು ಮುಚ್ಚಿಟ್ಟರೆ ನಷ್ಟ ಇಮ್ಮಡಿಯಾಗುತ್ತದೆ. ಆದುದರಿಂದ ಮೊದಲು ಅಭಯವಿರಲಿ, ಆಮೇಲೆ ಬುದ್ಧಿವಾದ.

ಪಾಲಕರು ಮಾಡಬಹುದಾದುದು

ರಜೆಯ ಮೊದಲ ದಿನವೇ ಮಕ್ಕಳೊಡನೆ ಕುಳಿತು ಪರದೆಯ ಆಟದ ಹೊತ್ತನ್ನು ಗೊತ್ತುಮಾಡಿರಿ. ಗಡಿಯಾರದ ಲೆಕ್ಕಕ್ಕಿಂತ ‘ಎರಡು ಪಂದ್ಯ’ ಎಂಬ ಲೆಕ್ಕ ಮಕ್ಕಳಿಗೆ ಒಪ್ಪಿಗೆಯಾಗುತ್ತದೆ. ನಡುವೆ ಕಸಿದುಕೊಂಡರೆ ಜಗಳ ಖಂಡಿತ. ಇಪ್ಪತ್ತು ನಿಮಿಷಕ್ಕೊಮ್ಮೆ ದೂರದ ವಸ್ತುವನ್ನು ನೋಡುವ ಅಭ್ಯಾಸ ಮಾಡಿಸಿರಿ. ಮಲಗುವ ಒಂದು ಗಂಟೆ ಮೊದಲು ಎಲ್ಲರ ಫೋನುಗಳೂ, ತಂದೆಯದೂ ಸೇರಿ, ಒಂದೆಡೆ ಇರಲಿ. ಬಿಸಿಲು ಇಳಿದ ಮೇಲೆ ಮಕ್ಕಳನ್ನು ಉದ್ಯಾನಕ್ಕೋ ಕಡಲ ದಂಡೆಗೋ ಕರೆದೊಯ್ಯಿರಿ. ಮನೆಯಲ್ಲಿ ಒಂದು ಕೇರಂ ಅಥವಾ ಚದುರಂಗವಿರಲಿ. ಈ ಬಾರಿ ಊರಿಗೆ ಹೋದವರು ಅಟ್ಟದಲ್ಲಿ ಧೂಳು ತಿನ್ನುತ್ತಿರುವ ಚೆನ್ನೆಮಣೆಯನ್ನು ಮರಳಿ ತರಲಿ.

ಮಣೆಯನ್ನು ತಂದರಷ್ಟೇ ಸಾಲದು. ಅದರ ಎದುರು ಕೂರುವವರು ಬೇಕು. ದಿನಕ್ಕೆ ಎಂಟು ಗಂಟೆ ಕಚೇರಿಗೂ ಮೂರು ಗಂಟೆ ರೈಲಿಗೂ ಕೊಡುವ ನಾವು ಅರ್ಧ ಗಂಟೆಯನ್ನು ಮಕ್ಕಳ ಹೆಸರಿನಲ್ಲಿ ಜಮಾ ಮಾಡಿದರೆ, ಪರದೆಯ ಕುರಿತಾದ ಬಹಳಷ್ಟು ಚಿಂತೆ ತಾನಾಗಿಯೇ ಕಡಿಮೆಯಾದೀತು.