‘ಅಲ್ಪಕಾಲದ ಅಸೌಖ್ಯ’ದ ಹಿಂದೇನಿದೆ? ನಿಧನ ವಾರ್ತೆ ಮತ್ತು ಸಾವಿನ ಕಾರಣ

ಸುಳ್ಯ: ‘ಅಲ್ಪಕಾಲದ ಅಸೌಖ್ಯದಿಂದ ಸ್ವಗೃಹದಲ್ಲಿ ನಿಧನ ಹೊಂದಿದರು.’ ಸುಳ್ಯ, ಪುತ್ತೂರು, ಕಡಬ ಸೀಮೆಯಲ್ಲಿ ಬೆಳಗ್ಗೆ ಪತ್ರಿಕೆ ಬಿಡಿಸುವವರಿಗೆ ಈ ವಾಕ್ಯ ಬಾಯಿಪಾಠ. ಹೆಸರು, ಆವರಣದೊಳಗೆ ವಯಸ್ಸು, ಗ್ರಾಮ ಹಾಗೂ ಮನೆಯ ಹೆಸರು, ಅನಂತರ ಈ ವಾಕ್ಯ, ಕೊನೆಗೆ ‘ಮೃತರು ಪತ್ನಿ, ಇಬ್ಬರು ಪುತ್ರರು, ಓರ್ವ ಪುತ್ರಿ ಹಾಗೂ ಅಪಾರ ಬಂಧು ಬಳಗವನ್ನು ಅಗಲಿದ್ದಾರೆ’ ಎಂಬ ಮುಕ್ತಾಯ. ಮುದ್ರಿತ ಪತ್ರಿಕೆಯಿಂದ ವಾಟ್ಸ್‌ಆ್ಯಪ್‌ಗೆ ಸ್ಥಳಾಂತರಗೊಂಡ ಮೇಲೂ ನಿಧನ ವಾರ್ತೆಯ ಈ ಅಚ್ಚು ಕದಲಿಲ್ಲ. ಮೃತರಿಗೆ ಎಷ್ಟು ಎಕರೆ ತೋಟವಿತ್ತು, ಯಾವ ದೇವಸ್ಥಾನದ ವ್ಯವಸ್ಥಾಪನಾ ಸಮಿತಿಯಲ್ಲಿದ್ದರು, ಯಾವ ಸಹಕಾರಿ ಸಂಘದ ನಿರ್ದೇಶಕರಾಗಿದ್ದರು ಎಂಬುದೆಲ್ಲ ತಿಳಿಯುತ್ತದೆ. ತೀರಿಕೊಂಡದ್ದು ಹೇಗೆ ಎಂಬುದು ಮಾತ್ರ ತಿಳಿಯುವುದಿಲ್ಲ.

ಹಾಗೆಂದು ಊರಿಗೆ ತಿಳಿಯದೆ ಇರುತ್ತದೆಯೇ? ಶವಸಂಸ್ಕಾರಕ್ಕೆ ಬಂದವರು ಅಂಗಳದಲ್ಲಿ ಮೊದಲು ಕೇಳುವ ಪ್ರಶ್ನೆಯೇ ಅದು. ಉತ್ತರಕ್ರಿಯೆಯ ದಿನಕ್ಕಾಗುವಾಗ ಒಂದು ಸಾವಿಗೆ ಮೂರು ಕಾರಣಗಳು ಹುಟ್ಟಿಕೊಂಡಿರುತ್ತವೆ. ಪತ್ರಿಕೆಯ ಮೌನ ಗುಟ್ಟನ್ನು ಕಾಯುವುದು ಅಷ್ಟಕ್ಕಷ್ಟೇ. ಊಹೆಗೆ ಮಾತ್ರ ಅದು ಧಾರಾಳ ಜಾಗ ಬಿಟ್ಟುಕೊಡುತ್ತದೆ. ಹಾಗಾದರೆ ನಿಧನ ವಾರ್ತೆಯಲ್ಲಿ ಸಾವಿನ ಕಾರಣವನ್ನು ಬರೆಯಬೇಕೇ, ಬಿಡಬೇಕೇ ಎಂಬ ಪ್ರಶ್ನೆ ಸಹಜವಾಗಿ ಉದ್ಭವಿಸುತ್ತದೆ.

ಕಾನೂನು ಈ ವಿಷಯದಲ್ಲಿ ಎಂದೋ ಒಂದು ನಿಲುವು ತಳೆದಿದೆ. 1969ರ ಜನನ ಮತ್ತು ಮರಣ ನೋಂದಣಿ ಕಾಯ್ದೆಯ ಪ್ರಕಾರ ಸಾವು ಸಂಭವಿಸಿದ 21 ದಿನಗಳೊಳಗೆ ನೋಂದಣಾಧಿಕಾರಿಗೆ ಮಾಹಿತಿ ನೀಡಬೇಕು. ಕಾರಣವನ್ನೂ ದಾಖಲಿಸಲಾಗುತ್ತದೆ. ಆದರೆ ಅದೇ ಕಾಯ್ದೆಯ 17ನೇ ಕಲಮಿನಂತೆ, ಯಾರಿಗೇ ಮರಣ ಪತ್ರ ನೀಡಿದರೂ ಅದರಲ್ಲಿ ಸಾವಿನ ಕಾರಣವನ್ನು ತೋರಿಸುವಂತಿಲ್ಲ. ಮನೆಯ ಕಪಾಟಿನಲ್ಲಿರುವ ಯಾವುದೇ ಮರಣ ಪ್ರಮಾಣ ಪತ್ರವನ್ನು ತೆಗೆದು ನೋಡಬಹುದು: ಹೆಸರು, ದಿನಾಂಕ, ಸ್ಥಳ ಇರುತ್ತವೆ, ಕಾರಣ ಇರುವುದಿಲ್ಲ. ಸರಕಾರ ಕಾರಣವನ್ನು ಲೆಕ್ಕಕ್ಕಾಗಿ ಕೇಳುತ್ತದೆ, ಪ್ರದರ್ಶನಕ್ಕಾಗಿ ಅಲ್ಲ.

ಈ ಏರ್ಪಾಡು ಎಷ್ಟು ವಿಚಿತ್ರ ಸಂಕಷ್ಟ ತಂದೊಡ್ಡಬಹುದು ಎಂಬುದನ್ನು ಕೋವಿಡ್ ಕಾಲ ತೋರಿಸಿಕೊಟ್ಟಿತು. 2020ರಲ್ಲಿ ಸೋಂಕಿತರ ಮನೆಗೆ ಪಟ್ಟಿ ಕಟ್ಟಿ, ಗೋಡೆಗೆ ಚೀಟಿ ಅಂಟಿಸಿದ ದಿನಗಳಲ್ಲಿ ಆ ಪದವೇ ಯಾರಿಗೂ ಬೇಡವಾಗಿತ್ತು. 2021ರ ಜೂನ್ 30ರಂದು ಸುಪ್ರೀಂ ಕೋರ್ಟ್, ಕೋವಿಡ್‌ನಿಂದ ಮೃತಪಟ್ಟವರ ಕುಟುಂಬಗಳಿಗೆ ಪರಿಹಾರ ನೀಡಲು ಮಾರ್ಗಸೂಚಿ ರೂಪಿಸುವಂತೆಯೂ, ಸಾವಿನ ಕಾರಣ ನಮೂದಿಸಿದ ಅಧಿಕೃತ ದಾಖಲೆ ಪಡೆಯುವ ಕ್ರಮವನ್ನು ಸರಳಗೊಳಿಸುವಂತೆಯೂ ಆದೇಶಿಸಿತು. ಪರಿಹಾರದ ಮೊತ್ತ 50,000 ರೂಪಾಯಿ ಎಂದು ನಿಗದಿಯಾಯಿತು. ನಿಧನ ವಾರ್ತೆಯಲ್ಲಿ ಬೇಡವಾಗಿದ್ದ ಪದ ಅರ್ಜಿಯಲ್ಲಿ ಅನಿವಾರ್ಯವಾಯಿತು. ತಕರಾರುಗಳನ್ನು ತೀರ್ಮಾನಿಸಲು ಜಿಲ್ಲಾ ಮಟ್ಟದ ಸಮಿತಿಗಳನ್ನೇ ರಚಿಸಬೇಕಾಯಿತು.

ವಯೋವೃದ್ಧರ ಸಾವಿನಲ್ಲಿ ಈ ಚರ್ಚೆಗೆ ಅರ್ಥವಿಲ್ಲ. 2015ರ ಆಗಸ್ಟ್‌ನಲ್ಲಿ ಕವಿ ಕಯ್ಯಾರ ಕಿಞ್ಞಣ್ಣ ರೈ ಅವರು ನೂರು ವರ್ಷ ತುಂಬಿಸಿ ಅಗಲಿದಾಗ ‘ವಯೋಸಹಜ’ ಎಂಬ ಒಂದು ಪದಕ್ಕಿಂತ ಹೆಚ್ಚಿನದನ್ನು ಯಾವ ಓದುಗನೂ ನಿರೀಕ್ಷಿಸಲಾರ. ಆದರೆ ಮೂವತ್ತೆಂಟರ ಯುವಕನ ಭಾವಚಿತ್ರದ ಕೆಳಗೂ ‘ಅಸೌಖ್ಯ’ ಎಂದಷ್ಟೇ ಇದ್ದರೆ ಓದುಗನ ಕಣ್ಣು ಅಲ್ಲಿ ನಿಲ್ಲುತ್ತದೆ. ಅದು ಬರಿಯ ಕುತೂಹಲವಾಗಿರಬೇಕಿಲ್ಲ. ತನಗೂ ಹಾಗಾಗಬಹುದೇ ಎಂಬ ಭಯವೂ ಅದರಲ್ಲಿದೆ.

ಅಡಿಕೆ ತೋಟದ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಕೊಯ್ಲಿಗೆ, ಔಷಧಿ ಸಿಂಪಡಣೆಗೆ ಅಲ್ಯೂಮಿನಿಯಂ ಏಣಿ, ಉದ್ದನೆಯ ದೋಟಿ ಬಳಸುವುದು ಇಲ್ಲಿ ಸಾಮಾನ್ಯ. ತೋಟದ ನಡುವೆ ಅಥವಾ ಅಂಚಿನಲ್ಲಿ ವಿದ್ಯುತ್ ತಂತಿ ಹಾದುಹೋಗುವುದೂ ಸಾಮಾನ್ಯ. ಇವೆರಡೂ ತಾಗಿ ಸಂಭವಿಸುವ ಸಾವು ಕರಾವಳಿ, ಮಲೆನಾಡಿಗೆ ಹೊಸದಲ್ಲ. ಈಚಿನ ವರ್ಷಗಳಲ್ಲಿ ಹಗುರವಾದ ಕಾರ್ಬನ್ ಫೈಬರ್ ದೋಟಿಗಳು ಬಂದಿವೆ. ‘ಫೈಬರ್’ ಎಂಬ ಹೆಸರು ಕೇಳಿ ಅದು ವಿದ್ಯುತ್ತಿಗೆ ತಡೆ ಎಂದು ನಂಬುವ ಅಪಾಯವಿದೆ. ವಾಸ್ತವದಲ್ಲಿ ಕಾರ್ಬನ್ ಫೈಬರ್ ವಿದ್ಯುತ್ ವಾಹಕ. ಇಂತಹ ಸಾವಿನ ವಾರ್ತೆಯಲ್ಲಿ ‘ಅವಘಡದಲ್ಲಿ ಮೃತಪಟ್ಟರು’ ಎಂದು ಬರೆದರೆ ಅನುಕಂಪ ಮಾತ್ರ ಹುಟ್ಟುತ್ತದೆ. ‘ದೋಟಿ ವಿದ್ಯುತ್ ತಂತಿಗೆ ತಾಗಿ’ ಎಂಬ ನಾಲ್ಕು ಪದಗಳಿದ್ದರೆ ಮರುದಿನ ಪಕ್ಕದ ತೋಟದವನು ದೋಟಿ ಎತ್ತುವ ಮುನ್ನ ಮೇಲೆ ನೋಡುತ್ತಾನೆ.

ಜ್ವರದ ವಿಷಯವೂ ಹಾಗೆಯೇ. ಕೆಸರು, ನಿಂತ ನೀರಿನಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ತಗಲುವ ಇಲಿ ಜ್ವರವನ್ನು ಆರಂಭದಲ್ಲೇ ಗುರುತಿಸಿದರೆ ಸಾಮಾನ್ಯ ಪ್ರತಿಜೈವಿಕ ಔಷಧಿಯಿಂದ ಗುಣಪಡಿಸಬಹುದು. ತಡವಾದರೆ ಅದು ಮೂತ್ರಪಿಂಡ, ಯಕೃತ್ತುಗಳಿಗೆ ಏರುತ್ತದೆ. ವಾರ್ತೆಯಲ್ಲಿ ಅದರ ಹೆಸರಿದ್ದರೆ ಅದೇ ತೋಟದ ಉಳಿದ ಕೂಲಿಯಾಳುಗಳು ಮೊದಲ ದಿನದ ಜ್ವರಕ್ಕೇ ವೈದ್ಯರನ್ನು ಕಂಡಾರು. ಇಂತಹ ಸಾವುಗಳಲ್ಲಿ ಮನೆಯವರಿಗೆ ಅಪಮಾನವಾಗುವ ಸಂಗತಿ ಯಾವುದೂ ಇಲ್ಲ. ಆದರೂ ಅಚ್ಚಿನ ವಾಕ್ಯದ ಹಿಡಿತ ಎಷ್ಟಿದೆಯೆಂದರೆ, ಕಾರಣ ಮುಚ್ಚಿಡುವ ಇಚ್ಛೆ ಇಲ್ಲದವರೂ ‘ಅಸೌಖ್ಯ’ ಎಂದೇ ಬರೆಸುತ್ತಾರೆ.

ಬಿಡಿಬಿಡಿಯಾದ ಸಾವುಗಳ ಕಾರಣವನ್ನು ಯಾರೂ ಒಟ್ಟಿಗೆ ಇಟ್ಟು ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಈ ಸೀಮೆಯ ಪಕ್ಕದಲ್ಲೇ, ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದಲ್ಲಿ, ಸಾಕ್ಷ್ಯವಿದೆ. ಅಲ್ಲಿನ ಗೇರು ತೋಟಗಳ ಮೇಲೆ ದಶಕಗಳ ಕಾಲ ಹೆಲಿಕಾಪ್ಟರ್ ಮೂಲಕ ಎಂಡೋಸಲ್ಫಾನ್ ಸಿಂಪಡಿಸಲಾಗಿತ್ತು. ಮನೆಮನೆಯ ಕಾಯಿಲೆಗಳನ್ನು, ಅಕಾಲಿಕ ಸಾವುಗಳನ್ನು ಜನ ದೈವದ ಶಾಪವೆಂದೋ ಹಣೆಬರಹವೆಂದೋ ಭಾವಿಸಿದ್ದರು. ಅವುಗಳಲ್ಲಿ ಒಂದು ಕ್ರಮವಿದೆ ಎಂಬುದನ್ನು ಮೊದಲು ಗುರುತಿಸಿದವರಲ್ಲಿ ವಾಣೀನಗರದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ಪ್ರಮುಖರು. ಪುತ್ತೂರಿನಿಂದ ಪ್ರಕಟವಾಗುವ ‘ಅಡಿಕೆ ಪತ್ರಿಕೆ’ಯ ಶ್ರೀಪಡ್ರೆ ಅದನ್ನು ಹೊರಜಗತ್ತಿಗೆ ಮುಟ್ಟಿಸಿದರು. 2011ರ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್‌ನ ಉತ್ಪಾದನೆ, ಮಾರಾಟ, ಬಳಕೆಗಳಿಗೆ ತಡೆ ನೀಡಿತು. ಒಬ್ಬ ಹಳ್ಳಿಯ ವೈದ್ಯ ತನ್ನ ರೋಗಿಗಳ ಕಾಯಿಲೆಗಳನ್ನು ಜೋಡಿಸಿ ನೋಡದಿದ್ದರೆ ಅವೆಲ್ಲವೂ ‘ದೀರ್ಘಕಾಲದ ಅಸೌಖ್ಯ’ದ ಸಾಲಿಗೇ ಸೇರಿಬಿಡುತ್ತಿದ್ದವು.

ಇಷ್ಟಾದರೂ, ಕಾರಣ ಬರೆಯಲೇಬೇಕು ಎಂದು ಹೊರಡುವವರನ್ನು ತಡೆದು ನಿಲ್ಲಿಸುವ ಘಟನೆ ಹಾಸನದಲ್ಲಿ ನಡೆದಿದೆ. 2025ರ ಮೇ ಹಾಗೂ ಜೂನ್ ತಿಂಗಳುಗಳಲ್ಲಿ, ಸುಮಾರು 40 ದಿನಗಳ ಅವಧಿಯಲ್ಲಿ, ಆ ಜಿಲ್ಲೆಯ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತರೆಂದು ಮಾಧ್ಯಮಗಳು ದಿನಕ್ಕೊಂದು ಸಂಖ್ಯೆ ಏರಿಸುತ್ತ ವರದಿ ಮಾಡಿದವು. ರಾಜ್ಯವೇ ಬೆಚ್ಚಿತು. ಹೃದ್ರೋಗ ಆಸ್ಪತ್ರೆಗಳ ಮುಂದೆ ಸರತಿ ಬೆಳೆಯಿತು. ಕೋವಿಡ್ ಲಸಿಕೆಯ ಮೇಲೆ ಅನುಮಾನ ಹರಡಿತು. ಸರಕಾರ ನೇಮಿಸಿದ ತಜ್ಞರ ಸಮಿತಿ ಒಟ್ಟು 24 ಸಾವುಗಳನ್ನು ಪರಿಶೀಲಿಸಿದಾಗ ನಾಲ್ಕಕ್ಕೆ ಹೃದಯದ ಸಂಬಂಧವೇ ಇರಲಿಲ್ಲ. ಅವುಗಳಲ್ಲಿ ಒಂದು ಮೂತ್ರಪಿಂಡದ ಕಾಯಿಲೆ, ಒಂದು ರಸ್ತೆ ಅಪಘಾತ, ಒಂದು ಕರುಳಿನ ಸೋಂಕು, ಮತ್ತೊಂದು ಬಹುಶಃ ವಿದ್ಯುದಾಘಾತ. ಉಳಿದ 20ರಲ್ಲಿಯೂ ಹೃದ್ರೋಗ ಎಂದು ಖಚಿತಪಡಿಸಲು ಸಾಧ್ಯವಾದದ್ದು 10 ಮಾತ್ರ. ಇನ್ನು 10 ‘ಸಂಭವನೀಯ’. ಹಿಂದಿನ ವರ್ಷಗಳಿಗೆ ಹೋಲಿಸಿದರೆ ಅಸಹಜ ಏರಿಕೆ ಆಗಿಲ್ಲ, ಲಸಿಕೆಯೊಂದಿಗೆ ನಂಟೂ ಕಾಣುವುದಿಲ್ಲ ಎಂಬುದು ಸಮಿತಿಯ ನಿಲುವು. ರಸ್ತೆಯಲ್ಲಿ ಸತ್ತವನನ್ನೂ ಹೃದಯಾಘಾತದ ಪಟ್ಟಿಗೆ ಸೇರಿಸಿದ ಸುದ್ದಿ ಜನರನ್ನು ತಿಂಗಳಾನುಗಟ್ಟಲೆ ಹೆದರಿಸಿತು ಎಂಬುದು ಮಾಧ್ಯಮಕ್ಕೆ ಹೆಮ್ಮೆಯ ವಿಷಯವಲ್ಲ.

‘ಹೃದಯಾಘಾತ’ ಎಂಬ ಪದ ಇಷ್ಟು ಸಲೀಸಾಗಿ ಬಳಕೆಯಾಗಲು ಕಾರಣವಿದೆ. ಅದರಲ್ಲಿ ಮರ್ಯಾದೆಗೆ ಕುಂದಿಲ್ಲ, ಯಾರನ್ನೂ ದೂರುವಂತಿಲ್ಲ, ಅನಿರೀಕ್ಷಿತ ಸಾವಿಗೆಲ್ಲ ಹೊಂದುತ್ತದೆ. ಯಾವ ಕಾಯಿಲೆಯಿಂದ ಸತ್ತರೂ ಕೊನೆಗೆ ನಿಲ್ಲುವುದು ಹೃದಯವೇ ಆದ್ದರಿಂದ ಸುಳ್ಳು ಎಂದೂ ಅನ್ನಿಸುವುದಿಲ್ಲ. ಇದೇ ಕಾರಣಕ್ಕೆ ವೈದ್ಯರು ತುಂಬುವ ನಮೂನೆಯಲ್ಲಿ ‘ಹೃದಯ ನಿಂತಿತು’, ‘ಉಸಿರು ನಿಂತಿತು’ ಎಂಬಂತಹ ಸಾವಿನ ರೀತಿಯನ್ನು ಕಾರಣವಾಗಿ ಬರೆಯಬಾರದೆಂಬ ಸೂಚನೆ ಇದೆ. ಅದರ ಹಿಂದಿನ ಮೂಲ ಕಾಯಿಲೆಯನ್ನು ಬರೆಯಬೇಕು. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ಹೀಗೆ ವೈದ್ಯರಿಂದ ಕಾರಣ ದೃಢೀಕರಣಗೊಂಡದ್ದು ಶೇ. 22.5 ಮಾತ್ರ. ಮನೆಯಲ್ಲಿ ತೀರಿಕೊಂಡವರ ಕಾರಣವನ್ನು ಹೇಳುವವರು ಸಾಮಾನ್ಯವಾಗಿ ಮನೆಯವರು ಅಥವಾ ನೆರೆಯವರು. ಅದನ್ನೇ ಪತ್ರಿಕೆ ಖಚಿತ ಧಾಟಿಯಲ್ಲಿ ಅಚ್ಚು ಹಾಕುತ್ತದೆ. ಆ ಮಟ್ಟಿಗೆ ಹಳೆಯ ‘ಅಸೌಖ್ಯ’ವೇ ಹೆಚ್ಚು ಪ್ರಾಮಾಣಿಕ, ಅದು ಏನನ್ನೂ ಹೇಳುವುದಿಲ್ಲ, ಆದರೆ ತಪ್ಪು ಹೇಳುವುದಿಲ್ಲ.

ವೈದ್ಯರು ಸ್ಪಷ್ಟವಾಗಿ ಹೇಳಿದಾಗ ಪರಿಣಾಮ ಬೇರೆಯೇ ಆಗುತ್ತದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ರ ವಯಸ್ಸಿನಲ್ಲಿ ನಿಧನರಾದಾಗ ಆಸ್ಪತ್ರೆ ಅಂದೇ ವಿವರ ನೀಡಿತು. ಆ ಬಳಿಕ ಹೃದಯ ತಪಾಸಣೆಗೆ ಬರುವವರ ಸಂಖ್ಯೆ ಹೆಚ್ಚಿತು. ತಾಲೂಕು ಆಸ್ಪತ್ರೆಗಳಲ್ಲೇ ಹೃದಯಾಘಾತಕ್ಕೆ ತುರ್ತು ಚುಚ್ಚುಮದ್ದು ಒದಗಿಸುವ ಸರಕಾರಿ ಯೋಜನೆ ಅವರ ಹೆಸರಿನಲ್ಲೇ 2023ರಲ್ಲಿ ಆರಂಭವಾಯಿತು.

ಎಲ್ಲಕ್ಕಿಂತ ಕಠಿಣವಾದದ್ದು ಆತ್ಮಹತ್ಯೆಯ ಪ್ರಶ್ನೆ. ಇಲ್ಲಿ ಪತ್ರಿಕೆಗಳು ಎರಡು ಅಳತೆಗೋಲು ಇಟ್ಟುಕೊಂಡಿವೆ ಎಂದರೆ ತಪ್ಪಾಗದು. ಪರಿಚಯ, ಪ್ರಭಾವ ಇರುವ ಮನೆಯವರು ಕಚೇರಿಗೆ ದೂರವಾಣಿ ಮಾಡಿದರೆ ಅದೇ ಸಾವು ‘ನಿಧನ’ ಅಂಕಣದಲ್ಲಿ ಭಾವಚಿತ್ರ ಸಹಿತ ಬರುತ್ತದೆ. ಯಾರೂ ಇಲ್ಲದ ಕೂಲಿ ಕಾರ್ಮಿಕನದ್ದಾದರೆ ಠಾಣೆಯ ಅಸಹಜ ಸಾವಿನ ಪ್ರಕರಣದಿಂದ ನೇರವಾಗಿ ಅಪರಾಧ ಪುಟಕ್ಕೆ ಬರುತ್ತದೆ. ಅಲ್ಲಿ ಹೆಸರು, ಮನೆ, ವಿಧಾನ, ಸ್ಥಳ ಎಲ್ಲವೂ ಇರುತ್ತದೆ. ಜತೆಗೆ ‘ಜೀವನದಲ್ಲಿ ಜಿಗುಪ್ಸೆಗೊಂಡು’ ಎಂಬ ಸಿದ್ಧ ವಾಕ್ಯ. ಒಬ್ಬ ಮನುಷ್ಯನ ಖಿನ್ನತೆ, ಸಾಲ, ಕುಡಿತ, ಕಾಯಿಲೆ, ಸಂಸಾರದ ಕಷ್ಟ ಎಲ್ಲವನ್ನೂ ಎರಡು ಪದಗಳಲ್ಲಿ ಮುಗಿಸುವ ಈ ವಾಕ್ಯ ಕಾರಣವನ್ನು ತಿಳಿಸುವುದಿಲ್ಲ, ತಿಳಿಸಿದಂತೆ ತೋರುತ್ತದೆ.

ವಿವರ ಕೊಡುವುದರ ಅಪಾಯ ಹೊಸ ಸಂಶೋಧನೆಯೇನಲ್ಲ. ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ 1987ರಲ್ಲಿ ಪತ್ರಿಕೆಗಳು ಮೆಟ್ರೋ ರೈಲು ನಿಲ್ದಾಣಗಳ ಆತ್ಮಹತ್ಯೆಗಳನ್ನು ರೋಚಕವಾಗಿ ಬರೆಯುವುದನ್ನು ನಿಲ್ಲಿಸಿದ ಕೆಲವೇ ತಿಂಗಳಲ್ಲಿ ಅಂತಹ ಪ್ರಕರಣಗಳು ತೀವ್ರವಾಗಿ ಇಳಿದವು. ಕರಾವಳಿಗೂ ಇದರ ಅನುಭವವಿದೆ. 2019ರ ಜುಲೈಯಲ್ಲಿ ಕಾಫಿ ಉದ್ಯಮಿ ವಿ.ಜಿ. ಸಿದ್ಧಾರ್ಥ ಅವರ ಸಾವನ್ನು ಟಿ.ವಿ. ವಾಹಿನಿಗಳು ದಿನಗಟ್ಟಲೆ, ಸ್ಥಳದ ಇಂಚಿಂಚನ್ನೂ ತೋರಿಸುತ್ತ ಪ್ರಸಾರ ಮಾಡಿದವು. ಆನಂತರ ಅದೇ ಸ್ಥಳ ಮತ್ತೆ ಮತ್ತೆ ಸುದ್ದಿಗೆ ಬಂದು, ಕೊನೆಗೆ 2020ರಲ್ಲಿ ಅಲ್ಲಿ ರಕ್ಷಣಾ ಬಲೆ ಅಳವಡಿಸಬೇಕಾಯಿತು. ಭಾರತೀಯ ಪತ್ರಿಕಾ ಮಂಡಳಿ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ವಿಧಾನ, ಸ್ಥಳಗಳ ವಿವರಣೆ ಬೇಡ, ರೋಚಕ ತಲೆಬರಹ ಬೇಡ ಎನ್ನುತ್ತದೆ. ನೆರವು ಎಲ್ಲಿ ಸಿಗುತ್ತದೆ ಎಂದು ತಿಳಿಸುವುದೂ ಪತ್ರಿಕೆಯ ಕೆಲಸ. ಟೆಲಿ-ಮಾನಸ್ ಸಹಾಯವಾಣಿ 14416 ಕನ್ನಡದಲ್ಲೂ, ಹಗಲಿರುಳೂ ಲಭ್ಯವಿದೆ.

ಎಚ್‌ಐವಿ ಕುರಿತು ಕಾನೂನೇ ಬಾಗಿಲು ಮುಚ್ಚಿದೆ. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಕಾಯ್ದೆ ಒಪ್ಪಿಗೆಯಿಲ್ಲದೆ ಸೋಂಕಿನ ಮಾಹಿತಿ ಬಹಿರಂಗಪಡಿಸುವುದನ್ನು ನಿರ್ಬಂಧಿಸುತ್ತದೆ. ಸತ್ತವರ ಕಾಯಿಲೆ ಬರೆದರೆ ಬದುಕಿರುವ ಪತ್ನಿ, ಮಕ್ಕಳ ಮೇಲೆ ಬೆರಳು ತೋರುತ್ತದೆ ಎಂಬುದು ಇಲ್ಲಿನ ವಿವೇಕ. ಇನ್ನು ಖಾಸಗಿತನದ ಹಕ್ಕು ಸತ್ತವರಿಗೆ ಇದೆಯೇ ಎಂದರೆ, ಅದು ವ್ಯಕ್ತಿಯೊಂದಿಗೇ ಕೊನೆಗೊಳ್ಳುತ್ತದೆ ಎಂದು ಜಯಲಲಿತಾ ಕುರಿತ ಚಿತ್ರದ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್, ಸುಶಾಂತ್ ಸಿಂಗ್ ರಜಪೂತ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಹೇಳಿವೆ. ಕಾನೂನಿಗೆ ಅಷ್ಟು ಸಾಕು. ಆದರೆ ಮರುದಿನ ಶಾಲೆಗೆ ಹೋಗಬೇಕಾದ ಮಗುವಿಗೆ ಹೈಕೋರ್ಟಿನ ತೀರ್ಪು ಉಪಯೋಗಕ್ಕೆ ಬರುವುದಿಲ್ಲ.

ಹೀಗಿರುವಾಗ ಎಲ್ಲ ಸಾವಿಗೂ ಒಂದೇ ನಿಯಮ ಸಲ್ಲದು. ಕಾರಣ ಮನೆಯ ಹೊರಗಿದ್ದರೆ, ಅಂದರೆ ರಸ್ತೆ, ತಂತಿ, ಹೊಳೆ, ಆನೆ, ಸಾಂಕ್ರಾಮಿಕ ಜ್ವರ, ಕೀಟನಾಶಕ ಇವುಗಳಲ್ಲಿದ್ದರೆ, ಅದನ್ನು ತಿಳಿಯುವ ಹಕ್ಕು ನೆರೆಯವರಿಗಿದೆ, ಬರೆಯುವುದೇ ಸರಿ. ಕಾರಣ ಮನೆಯೊಳಗಿದ್ದರೆ ಮನೆಯವರ ಮಾತೇ ಅಂತಿಮ. ಕ್ಯಾನ್ಸರಿನಂತಹ ಕಾಯಿಲೆಯನ್ನು ಹೆಸರಿಸಲು ಹಿಂದೆ ಹಿಂಜರಿಯುತ್ತಿದ್ದ ಕುಟುಂಬಗಳು ಈಗ ತಾವಾಗಿ ಹೇಳುವುದುಂಟು. ಖಚಿತವಿಲ್ಲದಿದ್ದಲ್ಲಿ ‘ಮನೆಯವರು ತಿಳಿಸಿದಂತೆ’ ಎಂಬ ಎರಡು ಪದ ಸೇರಿಸುವುದು ಕಷ್ಟದ ಕೆಲಸವೇನಲ್ಲ.

ಇನ್ನೊಂದು ಬದಲಾವಣೆಯನ್ನು ಪತ್ರಿಕೆಗಳು ಅಷ್ಟಾಗಿ ಗಮನಿಸಿದಂತಿಲ್ಲ. 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ, ಸರಕಾರಿಯಾಗಲಿ ಖಾಸಗಿಯಾಗಲಿ, ಆಸ್ಪತ್ರೆಯಲ್ಲಿ ಸಾವು ಸಂಭವಿಸಿದರೆ ವೈದ್ಯರು ಸಹಿ ಮಾಡಿದ ಕಾರಣ ಪತ್ರವನ್ನು ನೋಂದಣಾಧಿಕಾರಿಗೆ ಉಚಿತವಾಗಿ ನೀಡುವುದಲ್ಲದೆ ಅದರ ಪ್ರತಿಯನ್ನು ಹತ್ತಿರದ ಬಂಧುಗಳಿಗೂ ಕೊಡಬೇಕು. ಅಂದರೆ ಆಸ್ಪತ್ರೆಯಿಂದ ಶವ ಮನೆಗೆ ಬರುವಾಗ ಖಚಿತ ಕಾರಣ ಬರೆದ ಕಾಗದವೂ ಮನೆಯವರ ಕೈಗೆ ಸೇರಬೇಕಾಗಿದೆ. ಅದನ್ನು ಓದಿ, ತಿಳಿದು, ಎಷ್ಟನ್ನು ಊರಿಗೆ ಹೇಳಬೇಕು ಎಂದು ಅವರೇ ತೀರ್ಮಾನಿಸಬಹುದು. ಪತ್ರಿಕಾ ಕಚೇರಿಯಿಂದ ದೂರವಾಣಿಯಲ್ಲಿ ವಯಸ್ಸು, ಮಕ್ಕಳ ಸಂಖ್ಯೆ ಕೇಳುವಾಗ ಇದನ್ನೂ ಒಂದು ಮಾತು ಕೇಳಿದರೆ ಸಾಕು.