ತನ್ನ ಕಿರಣವನ್ನು ತಾನೇ ನುಂಗುವ ಹೂಳು

ಬೆಂಗಳೂರಿನ ಪಟ್ಟಂದೂರು ಅಗ್ರಹಾರ ಅಂದರೆ ಈಗ ಹೆಚ್ಚಿನವರ ಕಣ್ಣಿಗೆ ಬರುವುದು 2023ರ ಮಾರ್ಚಿನಲ್ಲಿ ಶುರುವಾದ ಮೆಟ್ರೊ ಸ್ಟೇಷನ್, ಐಟಿ ಪಾರ್ಕಿನ ಗಾಜಿನ ಕಟ್ಟಡಗಳು. ಊರಿಗೊಂದು ಕೆರೆಯೂ ಇದೆ. ಸುತ್ತಲಿನ ಹೊಲಗಳು ಸೈಟುಗಳಾದ ಕಥೆ ಪಹಣಿಯಲ್ಲಿ ಇರುವ ಹಾಗೆಯೇ ಕೆರೆಯ ತಳದ ಹೂಳಿನಲ್ಲೂ ಪದರ ಪದರವಾಗಿ ಕೂತಿರುತ್ತದೆ. ಅದನ್ನು ಓದಲು ಬರಬೇಕು.

ಓದಲು ನೆರವಾಗುವುದು ಸೀಸ-210. ನೆಲದ ಕಲ್ಲುಮಣ್ಣಿನಲ್ಲಿರುವ ಯುರೇನಿಯಂ ಸಂತತಿಯಿಂದ ರೇಡಾನ್ ಅನಿಲ ಹುಟ್ಟಿ ಗಾಳಿ ಸೇರುತ್ತದೆ. ಅಲ್ಲಿ ಅದು ಕ್ಷಯಿಸುತ್ತ ಸೀಸ-210 ಆಗಿ, ಮಳೆಯೊಡನೆ ಇಳಿದು, ಕೆರೆಯ ತಳ ಮುಟ್ಟುತ್ತದೆ. ಅದರ ಅರ್ಧಾಯುಷ್ಯ ಸುಮಾರು 22 ವರ್ಷ. ಮಣ್ಣಿನೊಳಗೇ ಹುಟ್ಟುವ ಪಾಲನ್ನು ಕಳೆದ ಮೇಲೆ, ಮೇಲ್ಪದರದಲ್ಲಿ ಇರುವುದರ ಅರ್ಧದಷ್ಟೇ ಕೆಳಗೆ ಸಿಕ್ಕರೆ ಆ ಪದರ 22 ವರ್ಷ ಹಳೆಯದು. ಹೀಗೆ ನೂರು ವರ್ಷದ ಆಸುಪಾಸಿನವರೆಗೆ ಲೆಕ್ಕ ನಡೆಯುತ್ತದೆ. ಆದರೆ ಹೂಳು ಅಲುಗಾಡಿರಬಾರದು. ಬೇಸಿಗೆಯಲ್ಲಿ ಗಾಡಿ ಕಟ್ಟಿಕೊಂಡು ಬಂದು ಗೋಡುಮಣ್ಣನ್ನು ಹೊಲಕ್ಕೆ ಹೇರುತ್ತಿದ್ದ ಹಿರಿಯರು ಕೆರೆಗೆ ಒಳ್ಳೆಯದನ್ನೇ ಮಾಡಿದರು, ಈ ಗಡಿಯಾರಕ್ಕೆ ಮಾತ್ರ ಅಲ್ಲ. ಜೆಸಿಬಿ ಇಳಿದ ಕೆರೆಯಲ್ಲಂತೂ ಕೇಳುವುದೇ ಬೇಡ.

ಹೂಳನ್ನು ಒಲೆಯಲ್ಲಿ ಒಣಗಿಸಿ, ಕುಟ್ಟಿ, ಜರಡಿ ಹಿಡಿದು ಪ್ಲಾಸ್ಟಿಕ್ ಡಬ್ಬಿಗೆ ತುಂಬುತ್ತಾರೆ. ರೇಡಾನ್ ಸೋರದಂತೆ ಮುಚ್ಚಳದ ಸುತ್ತ ಟೇಪ್ ಸುತ್ತಿ ತಿಂಗಳ ಮಟ್ಟಿಗೆ ಬಿಡುತ್ತಾರೆ. ಆಮೇಲೆ ದಪ್ಪ ಸೀಸದ ಗೂಡಿನೊಳಗೆ, ದ್ರವ ಸಾರಜನಕದಿಂದ ತಣ್ಣಗಿರಿಸಿದ ಜರ್ಮೇನಿಯಂ ಡಿಟೆಕ್ಟರ್ ಮೇಲೆ ಇಡುತ್ತಾರೆ. ಒಂದು ಡಬ್ಬಿಗೆ ಒಂದು ದಿನ ಹಿಡಿದರೂ ಆಶ್ಚರ್ಯವಿಲ್ಲ. ಏಕೆಂದರೆ ಸೀಸ-210ರ ನೂರು ಪರಮಾಣು ಕ್ಷಯಿಸಿದರೆ ಗುರುತಿನ ಗಾಮಾ ಕಿರಣ ಹೊರಡುವುದು ನಾಲ್ಕರಿಂದ ಮಾತ್ರ. ಅದರ ಶಕ್ತಿಯೂ ಬಹಳ ಕಡಿಮೆ, 46.5 ಕಿಲೋ ಎಲೆಕ್ಟ್ರಾನ್ ವೋಲ್ಟ್.

ತೊಂದರೆ ಇರುವುದು ಇಲ್ಲೇ. ಡಬ್ಬಿಯ ಮೇಲ್ಭಾಗದಲ್ಲಿ ಹುಟ್ಟಿದ ಕಿರಣ ಕೆಳಗಿನ ಡಿಟೆಕ್ಟರ್ ತಲುಪಬೇಕಾದರೆ ಅದೇ ಹೂಳನ್ನು ದಾಟಬೇಕು. ಇಷ್ಟು ದುರ್ಬಲ ಕಿರಣವನ್ನು ಅರ್ಧಕ್ಕೆ ಇಳಿಸಲು ಒಂದೂವರೆ ಸೆಂಟಿಮೀಟರ್ ಒಣಮಣ್ಣು ಸಾಕು. ಅದೇ ಡಬ್ಬಿಯಲ್ಲಿರುವ ಪೊಟ್ಯಾಸಿಯಂ-40ರ 1460 ಕಿಲೋ ಎಲೆಕ್ಟ್ರಾನ್ ವೋಲ್ಟ್ ಕಿರಣವನ್ನು ಅರ್ಧ ಮಾಡಲು ಹತ್ತು ಸೆಂಟಿಮೀಟರ್ ಬೇಕು. ಹೀಗೆ ಹೂಳು ತನ್ನ ಕಿರಣವನ್ನು ತಾನೇ ನುಂಗುವುದಕ್ಕೆ ಸ್ವಯಂ ಹೀರಿಕೆ ಎನ್ನುತ್ತಾರೆ.

ಸಂಜೆ ಆರರ ಮೆಟ್ರೊ ನೆನೆಸಿಕೊಳ್ಳಿ. ಬಾಗಿಲ ಹತ್ತಿರ ನಿಂತವರು ಪಟ್ಟಂದೂರಿನಲ್ಲಿ ಸಲೀಸಾಗಿ ಇಳಿಯುತ್ತಾರೆ. ನಡುವೆ ಸಿಕ್ಕಿಬಿದ್ದವರಲ್ಲಿ ಕೆಲವರಿಗೆ ಆಗುವುದಿಲ್ಲ, ಮುಂದಿನ ಸ್ಟೇಷನ್ನಿನಲ್ಲಿ ಇಳಿಯುತ್ತಾರೆ. ಇಲ್ಲಿ ಇಳಿದವರನ್ನಷ್ಟೇ ಎಣಿಸಿ ಬೋಗಿಯಲ್ಲಿ ಪಟ್ಟಂದೂರಿನವರು ಇಷ್ಟೇ ಅಂದರೆ ತಪ್ಪಾಗುತ್ತದೆ. ಗಾಮಾ ಕಿರಣವೂ ಹಾಗೆಯೇ. ದಾರಿಯಲ್ಲಿ ಡಿಕ್ಕಿ ಹೊಡೆದು ಶಕ್ತಿ ಕಳೆದುಕೊಂಡದ್ದು ಡಿಟೆಕ್ಟರ್ ತಲುಪಿದರೂ ತನ್ನ ಮೂಲ ಶಕ್ತಿಯ ಜಾಗದಲ್ಲಿ ದಾಖಲಾಗದೆ ಬೇರೆಲ್ಲೋ ಇಳಿಯುತ್ತದೆ. ಕೆಲವು ಹೂಳಿನಲ್ಲೇ ಪೂರ್ತಿ ಮುಗಿದುಹೋಗುತ್ತವೆ.

ಎಷ್ಟು ನುಂಗಿತು ಎಂದು ಹೂಳನ್ನೇ ಕೇಳುವ ಉಪಾಯವನ್ನು ಅಮೆರಿಕದ ಓಕ್ ರಿಜ್ ಪ್ರಯೋಗಾಲಯದ ಕಟ್‌ಶಾಲ್, ಲಾರ್ಸೆನ್ ಮತ್ತು ಓಲ್ಸೆನ್ 1983ರಲ್ಲಿ ಪ್ರಕಟಿಸಿದರು. ನನಗೆ ಇಷ್ಟವಾಗುವುದು ಅದರ ಸರಳತೆ. ಸೀಸ-210ರ ಒಂದು ಪುಟ್ಟ ಚುಕ್ಕೆ ಮೂಲವನ್ನು ಖಾಲಿ ಡಬ್ಬಿಯ ಮುಚ್ಚಳದ ಮೇಲಿಟ್ಟು ಎಣಿಸಿ, ಆಮೇಲೆ ಹೂಳಿನ ಡಬ್ಬಿಯ ಮೇಲಿಟ್ಟು ಎಣಿಸಿ. ಹೂಳಿನದೇ ಎಣಿಕೆಯನ್ನು ಕಳೆದ ಮೇಲೆ ಮೊದಲು 1000, ಆಮೇಲೆ 500 ಬಂತು ಅನ್ನೋಣ. ಹಾಗಾದರೆ ಹೂಳಿನ ಎಣಿಕೆಯನ್ನು ಎರಡರಿಂದ ಗುಣಿಸಬೇಕೇ? ಇಲ್ಲ, 1.39ರಿಂದ. ಅರ್ಧ ಕಳೆದುಕೊಳ್ಳುವುದು ಮೇಲ್ತುದಿಯ ಮಣ್ಣು ಮಾತ್ರ. ಬುಡದ ಮಣ್ಣು ಬಾಗಿಲ ಹತ್ತಿರದ ಪ್ರಯಾಣಿಕ, ಅದಕ್ಕೆ ನಷ್ಟವೇ ಇಲ್ಲ. ಒಟ್ಟು ನಷ್ಟ ಇವೆರಡರ ನಡುವೆ ನಿಲ್ಲುತ್ತದೆ. ತೆಳು ಬಿಲ್ಲೆಯಂಥ ಡಬ್ಬಿಗೆ ಈ ಲೆಕ್ಕ ಸಾಕು. ಡಿಟೆಕ್ಟರನ್ನು ಸುತ್ತುವರಿದು ಕೂರುವ ಮರಿನೆಲ್ಲಿ ಪಾತ್ರೆಗೆ ಸಾಲದು, ಅಲ್ಲಿ ಕಂಪ್ಯೂಟರ್ ಅಣಕು ಲೆಕ್ಕಕ್ಕೆ ಮೊರೆಹೋಗಬೇಕು.

ಒಂದೇ ಗುಣಕವನ್ನು ಎಲ್ಲಕ್ಕೂ ಹಾಕಿದರೆ ಆಗದೇ? ಮಂಗಳೂರು ವಿಶ್ವವಿದ್ಯಾಲಯದ ವಿಜ್ಞಾನಿಗಳು 1993ರಲ್ಲಿ ನೈಸರ್ಗಿಕ ವಿಕಿರಣ ಹೆಚ್ಚಿರುವ ಹೊಸ ಪ್ರದೇಶವೆಂದು ವರದಿ ಮಾಡಿದ ಉಳ್ಳಾಲದ ಮರಳನ್ನೇ ನೋಡಿ. ಅದರಲ್ಲಿ ಥೋರಿಯಂ ಹೊತ್ತ ಮೊನಜೈಟ್ ಇದೆ. ಸಾದಾ ಮರಳಿನ ಎರಡರಷ್ಟು ಭಾರದ ಖನಿಜ. ದುರ್ಬಲ ಗಾಮಾ ಕಿರಣಕ್ಕೆ ತೂಕ ಒಂದೇ ಅಡ್ಡಿಯಲ್ಲ, ಪರಮಾಣು ದೊಡ್ಡದಾದಷ್ಟೂ ಹೀರಿಕೆ ಹಲವು ಪಟ್ಟು ಏರುತ್ತದೆ. ಕೈಗಾದ ಸುತ್ತಲಿನ ಕಾಡಿನ ಒಣ ಎಲೆಯೋ, ಅದೇ ಡಬ್ಬಿಯಲ್ಲಿ ಹತ್ತಿಯಂತೆ ಹಗುರ. ಬೆಂಗಳೂರಿನ ಕೆಮ್ಮಣ್ಣು ಕಬ್ಬಿಣ ಕುಡಿದ ಮಣ್ಣು. ಮೂರಕ್ಕೂ ಮೂರು ಲೆಕ್ಕ.

ಒಂದೇ ಕೆರೆಯೊಳಗೂ ಹೀಗೆ. ಮೇಲಿನ ಹೂಳು ಕೊಳೆತ ಜೊಂಡಿನಿಂದ ಹಗುರ, ಕೆಳಗಿನದು ಒತ್ತಿ ಕೂತ ಕೆಮ್ಮಣ್ಣು. ತಿದ್ದದೆ ಬಿಟ್ಟರೆ ಕೆಳಪದರದ ಸೀಸ-210 ಇರುವುದಕ್ಕಿಂತ ಕಡಿಮೆ ಕಾಣುತ್ತದೆ, ಪದರ ಇಲ್ಲದ ವಯಸ್ಸು ಹೊತ್ತುಕೊಳ್ಳುತ್ತದೆ. ಶೇ 20 ಕಡಿಮೆ ಓದಿದರೆ ಏಳು ವರ್ಷದ ತಪ್ಪು. ಹಳ್ಳಿಯ ಕೆರೆಗೆ ಇದು ದೊಡ್ಡದೆನಿಸದು. ಆದರೆ ವೈಟ್‌ಫೀಲ್ಡ್ ಕಡೆ ಏಳು ವರ್ಷದಲ್ಲಿ ಹೊಲ ಹೋಗಿ ಅಪಾರ್ಟ್‌ಮೆಂಟ್ ಎದ್ದಿರುತ್ತದೆ, ಹೂಳು ಯಾರ ಕಾಲದ್ದು ಎಂಬ ಉತ್ತರವೇ ಬದಲಾಗುತ್ತದೆ.

ಹಾಗಾಗಿ ಎಣಿಸಿ ಮುಗಿದ ಡಬ್ಬಿಯನ್ನು ಎಸೆಯದಿರುವುದು ಜಾಣತನ. ತುಂಬಿದ ಹೂಳು ತುಂಬಿದ ಹಾಗೇ ಕಪಾಟಿನಲ್ಲಿದ್ದರೆ, ವರ್ಷಗಳ ನಂತರವೂ ಮುಚ್ಚಳದ ಮೇಲೆ ಚುಕ್ಕೆ ಮೂಲವಿಟ್ಟು ಒಮ್ಮೆ ಎಣಿಸಿ ಹಳೆಯ ಅಂಕಿಯನ್ನು ತಿದ್ದಿಕೊಳ್ಳಬಹುದು.